ಅಡಿಗೆಯವರ ಪಾಲು

ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಗಂಗಾಧರಯ್ಯನವರು ತಾವು ಕುಡಿದ ಕಾಫಿ ಲೋಟವನ್ನು ತಾವೇ ಅಡಿಗೆಮನೆಗೆ ಒಯ್ದದ್ದು ಒಂದೇ ಸಲ. ಆವತ್ತು ಸೀತಾಲಕ್ಷ್ಮಿಗೆ ನೂರಮೂರು ಡಿಗ್ರಿ ಜ್ವರವಿತ್ತು. ಆಗಲೂ ಅವರು ಹೊಸ್ತಿಲು ದಾಟಲಿಲ್ಲ, ಲೋಟವನ್ನು ಹೊಸ್ತಿಲ ಮೇಲಿಟ್ಟು ಬಂದರು. ಅಂಥವರು 1961ರ ಏಪ್ರಿಲ್ ಎಂಟನೇ ತಾರೀಖು, ಶನಿವಾರ, ಕಚೇರಿಯಿಂದ ಬಂದು ಬೂಟು ಬಿಚ್ಚುವ ಮೊದಲೇ, ಮಕ್ಕಳಿಂದ ಅಡಿಗೆ ಮಾಡಿಸುವುದು ಹೇಗೆಂದು ಹೆಂಡತಿಗೆ ಪಾಠ ಹೇಳಲು ಶುರುಮಾಡಿದರು.

ಅವರ ಕೈಯಲ್ಲಿ ಹದಿನಾರು ಪುಟದ ಒಂದು ಇಂಗ್ಲಿಷ್ ಕೈಪಿಡಿ ಇತ್ತು. ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ಇಳಿಸುವುದು ಕಚೇರಿಯಲ್ಲಿ ಅವರ ಕೆಲಸ. ದನಗಳ ದೊಡ್ಡರೋಗ, ಇಲಿ ಪಾಷಾಣ, ಕೋಳಿ ಸಾಕಣೆ, ಯಾವುದು ಬಂದರೂ ಅವರು ಒಂದೇ ಶ್ರದ್ಧೆಯಿಂದ ಅನುವಾದಿಸುತ್ತಿದ್ದರು, ಅನುವಾದಿಸಿದ್ದನ್ನು ಮರೆಯುತ್ತಿದ್ದರು. ಈ ಕೈಪಿಡಿಯನ್ನು ಮಾತ್ರ ಮನೆಗೆ ತಂದರು. ರಟ್ಟಿನ ಮೇಲೆ ಬಿಳಿ ಟೋಪಿ ಹಾಕಿದ ಹುಡುಗನೊಬ್ಬ ಕ್ಯಾರೆಟ್ ಹೆಚ್ಚುತ್ತ ನಗುತ್ತಿದ್ದ. ಕ್ಯಾರೆಟ್ ಹೆಚ್ಚುವಾಗ ಯಾರಿಗಾದರೂ ಅಷ್ಟು ನಗು ಬರುತ್ತದೆಂದು ಸೀತಾಲಕ್ಷ್ಮಿಗೆ ಗೊತ್ತಿರಲಿಲ್ಲ.

"ಇನ್ಮೇಲೆ ನಮ್ಮ ಕಿಟ್ಟಿ ಅಡಿಗೆ ಮಾಡ್ತಾನೆ," ಎಂದರು ಗಂಗಾಧರಯ್ಯ.

"ಯಾಕೆ, ನನ್ನ ಅಡಿಗೆಗೇನಾಗಿದೆ?"

"ನಿನ್ನ ಮಾತಲ್ಲ ಇದು. ವೈಜ್ಞಾನಿಕ ವಿಷಯ. ತಾನೇ ಮಾಡಿದ ತರಕಾರೀನ ಮಗು ತಾನಾಗೇ ತಿನ್ನತ್ತೆ. ಹದಿನಾಲ್ಕು ಊರುಗಳಲ್ಲಿ ಪ್ರಯೋಗ ಮಾಡಿ ನೋಡಿದಾರಂತೆ."

"ಯಾವೂರು?"

"ಎಲ್ಲಾ ಆ ಕಡೇವು," ಎಂದು ಗಂಗಾಧರಯ್ಯನವರು ಕೈಯನ್ನು ಲಾಲ್‌ಬಾಗಿನ ಆಚೆಗೆ ಬೀಸಿದರು. ಆ ಊರುಗಳು ಸಮುದ್ರದ ಆಚೆ ಇದ್ದವು.

ಸೀತಾಲಕ್ಷ್ಮಿ ನಗಬಹುದಿತ್ತು, ನಗಲಿಲ್ಲ. ಆರು ವರ್ಷದ ಕಿಟ್ಟಿ ಮೂವತ್ತನಾಲ್ಕು ಪೌಂಡು ತೂಗುತ್ತಿದ್ದ. ಅವನು ತಿನ್ನುತ್ತಿದ್ದುದು ಮೊಸರನ್ನ, ಹಪ್ಪಳ, ಸಕ್ಕರೆ ಸವರಿದ ಚಪಾತಿ, ಇಷ್ಟೇ. ತರಕಾರಿ ಕಂಡರೆ ಒಂದೊಂದೇ ಹೋಳನ್ನು ಆರಿಸಿ, ಕಸ ಗುಡಿಸಿದ ಹಾಗೆ ಎಲೆಯ ಅಂಚಿಗೆ ತಳ್ಳುತ್ತಿದ್ದ. ಗಾಂಧಿಬಜಾರಿನ ಡಾಕ್ಟರು ಎರಡು ಬಾಟಲಿ ಟಾನಿಕ್ಕು ಬರೆದುಕೊಟ್ಟು, ಜೂನ್ ಒಳಗೆ ಮೂವತ್ತಾರಾದರೂ ಆಗಲಿ ಎಂದಿದ್ದರು. ಆ ಮಾತು ಡಾಕ್ಟರ ಷಾಪಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅದು ಮೈಸೂರಿನಲ್ಲಿದ್ದ ಗಂಗಾಧರಯ್ಯನವರ ಅಕ್ಕ ಅಕ್ಕಯಮ್ಮನವರೆಗೆ ಹೋಯಿತು. ಆಕೆಗೆ ಮಕ್ಕಳಿರಲಿಲ್ಲ; ದೊಡ್ಡ ಮನೆ, ಕರೆಯುವ ಹಸು, ಬೇಕಾದಷ್ಟು ಪುರುಸೊತ್ತು ಇದ್ದವು. ಯುಗಾದಿಗೆ ಬಂದಾಗ ಆಕೆ ಹೇಳಿಯೂಬಿಟ್ಟಿದ್ದರು: "ರಜದೊಳಗೆ ಮಗು ಮೈ ಹಿಡೀದೇ ಹೋದ್ರೆ ನನ್ನ ಜೊತೆ ಕಳ್ಸಿಬಿಡಿ. ಜೂನಿಂದ ನಮ್ಮೂರ ಶಾಲೆಗೇ ಸೇರಿಸ್ತೀನಿ."

ಗಂಗಾಧರಯ್ಯನವರು "ನೋಡೋಣ" ಎಂದರು. ಆ ಮನೆಯಲ್ಲಿ ಹಾಗೆಂದರೆ ಒಪ್ಪಿಗೆ. ಅವರ ತಾಯಿ ಲಕ್ಷ್ಮಿದೇವಮ್ಮ ಏನೂ ಹೇಳಲಿಲ್ಲ. ಅದೂ ಒಪ್ಪಿಗೆಯೇ. ಸೀತಾಲಕ್ಷ್ಮಿಯನ್ನು ಯಾರೂ ಕೇಳಲಿಲ್ಲ. ಆಕೆ ಆಗ ಹೋಳಿಗೆ ಬೇಯಿಸುತ್ತಿದ್ದಳು.

ಆದ್ದರಿಂದ ಕೈಪಿಡಿಯಲ್ಲಿ ಮಗುವನ್ನು ತಲೆಕೆಳಗಾಗಿ ನಿಲ್ಲಿಸಿ ಎಂದು ಬರೆದಿದ್ದರೂ ಆಕೆ ಒಪ್ಪುತ್ತಿದ್ದಳೋ ಏನೋ.

ಒಪ್ಪಬೇಕಾಗಿದ್ದವರು ಲಕ್ಷ್ಮಿದೇವಮ್ಮ. ಜಯನಗರ ಮೂರನೇ ಬ್ಲಾಕಿನ ಆ ಹೊಸ ಮನೆಗೆ ಟ್ರಸ್ಟ್ ಬೋರ್ಡಿನವರು ಸೈಟು ಕೊಟ್ಟಿದ್ದರು, ಗಂಗಾಧರಯ್ಯನವರು ಗೋಡೆ ಕಟ್ಟಿಸಿದ್ದರು. ಆದರೆ ಅಡಿಗೆಮನೆ ಮಾತ್ರ ಲಕ್ಷ್ಮಿದೇವಮ್ಮನವರದು. ಸ್ನಾನ ಮಾಡಿ ಮಡಿಯುಡದೆ ಅಲ್ಲಿ ಯಾರೂ ಒಂದು ಸೌಟನ್ನು ಮುಟ್ಟುವಂತಿರಲಿಲ್ಲ.

"ಗಂಡುಹುಡುಗ ಸೌಟು ಹಿಡಿಯೋದಾ?" ಎಂದರು ಆಕೆ.

"ಮದುವೆಮನೇಲಿ ಅಡಿಗೆ ಮಾಡೋರೆಲ್ಲ ಗಂಡಸರೇ ಅಲ್ವೇನಮ್ಮ?"

"ಅವರು ದುಡ್ಡು ತಗೋತಾರೆ."

ಒಂದು ಗಂಟೆಯ ವಾದದ ನಂತರ ಲಕ್ಷ್ಮಿದೇವಮ್ಮ ತಮ್ಮ ಗಂಡನ ಹಳೆಯ ರೇಷ್ಮೆ ಪಂಚೆಯೊಂದನ್ನು ಟ್ರಂಕಿನಿಂದ ತೆಗೆದು, ಕತ್ತರಿಸಿ, ಮೊಮ್ಮಗನ ಸೊಂಟಕ್ಕೆ ಆಗುವಷ್ಟು ಮಾಡಿಕೊಟ್ಟರು. ರೇಷ್ಮೆಗೆ ಮೈಲಿಗೆಯ ಕಾಟ ಕಡಿಮೆ. ರಟ್ಟಿನ ಮೇಲಿನ ಹುಡುಗನಿಗೆ ಬಿಳಿ ಟೋಪಿಯಾದರೆ ಕಿಟ್ಟಿಗೆ ಪಟ್ಟೆಮಡಿ. ಅದನ್ನುಟ್ಟು ಅವನು ಕನ್ನಡಿಯ ಮುಂದೆ ಹೋಗಿ ನಿಂತ. ಬೆನ್ನಿನ ಎಲುಬುಗಳನ್ನು ಎಣಿಸಬಹುದಾಗಿತ್ತು. ಸೀತಾಲಕ್ಷ್ಮಿ ಎಣಿಸಿದಳು ಕೂಡ.

ಮಾರನೆಯ ಬೆಳಿಗ್ಗೆ ಸಿದ್ದಾಪುರದ ಮಂಗಮ್ಮ ಸೊಪ್ಪಿನ ಕುಕ್ಕೆ ಇಳಿಸಿದಾಗ ಜಗಲಿಯ ಮೇಲೆ ರೇಷ್ಮೆಯುಟ್ಟ ಪುಟ್ಟ ಪುರೋಹಿತನೊಬ್ಬ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ.

"ಇದೇನಮ್ಮಾವ್ರೆ, ಮಗಾಗೆ ಮುಂಜಿನಾ?"

"ಅಲ್ಲ ಮಂಗಮ್ಮ, ಅಡಿಗೆ ಕಲೀತಿದಾನೆ. ತಾನೇ ಮಾಡಿದ್ರೆ ತಿಂತಾನಂತೆ. ಪುಸ್ತಕದಲ್ಲಿ ಬರ್ದಿದಾರೆ."

"ನಮ್ಮ ಹಟ್ಟೀಲಿ ಹೈಕ್ಳು ಐದು ವರ್ಸಕ್ಕೇ ಒಲೆ ಊದ್ತವೆ. ಅದ್ಕೂ ಪುಸ್ತಕ ಮಾಡವ್ರಾ?"

"ಸೊಪ್ಪು ತಿಂತಾವಾ?"

"ತಿನ್ದೆ? ಇನ್ನೇನೈತೆ ತಿನ್ನಕ್ಕೆ?"

ಒಳಗೆ ಪತ್ರಿಕೆ ಓದುತ್ತಿದ್ದ ಗಂಗಾಧರಯ್ಯನವರು ಇದನ್ನು ಕೇಳಿಸಿಕೊಂಡು, ಪ್ರಯೋಗಕ್ಕೆಂದೇ ತಂದಿದ್ದ ನೋಟುಪುಸ್ತಕದಲ್ಲಿ ಬರೆದುಕೊಂಡರು: "ಸಿದ್ದಾಪುರದಲ್ಲಿ ಈ ಪದ್ಧತಿ ಈಗಾಗಲೇ ಜಾರಿಯಲ್ಲಿದೆ, ಫಲಿತಾಂಶ ತೃಪ್ತಿಕರ."

ಸೋಮವಾರ ಕಿಟ್ಟಿ ಹೀರೆಕಾಯಿ ಹುಳಿ ಮಾಡಿದ. ಮಾಡಿದ ಎಂದರೆ, ಸೀತಾಲಕ್ಷ್ಮಿ ಬೇಳೆ ಬೇಯಿಸಿ, ಕಾಯಿ ಹೆಚ್ಚಿ, ಕೊಬ್ಬರಿ ರುಬ್ಬಿ, ಒಗ್ಗರಣೆ ಹಾಕಿದಳು. ಅವನು ಮಣೆಯ ಮೇಲೆ ನಿಂತು ಕಲಕಿದ. ಹಾಗಿದ್ದೂ ಒಂದು ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಹುಳಿ ಕುದಿಯುತ್ತಿದ್ದಾಗ ಕೈಪಿಡಿಯ ಎಂಟನೆಯ ಪುಟ ತನ್ನ ಕೆಲಸ ಮಾಡಿತು. ಹಂತಹಂತದಲ್ಲೂ ಮಗು ರುಚಿ ನೋಡಲಿ ಎಂದು ಅದರಲ್ಲಿದ್ದುದನ್ನು ಗಂಗಾಧರಯ್ಯನವರು ಹಿಂದಿನ ಸಂಜೆ ಮಗನಿಗೆ ಗಟ್ಟಿಯಾಗಿ ಓದಿ ಹೇಳಿದ್ದರು. ಕಿಟ್ಟಿ ಸೌಟಿನ ಬೆನ್ನನ್ನು ನಾಲಿಗೆಯಿಂದ ಮುಟ್ಟಿ, ಅದೇ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದ.

"ಎಂಜಲು!"

ಲಕ್ಷ್ಮಿದೇವಮ್ಮ ದೇವರಮನೆಯಲ್ಲಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಕಣ್ಣು ಮುಚ್ಚಿದಾಗ ಆಕೆಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ನೈವೇದ್ಯವಾಗುವ ಮೊದಲೇ ಎಂಜಲಾದ ಹುಳಿ ದೇವರಿಗಿಲ್ಲ. ದೇವರಿಗಿಲ್ಲದ್ದು ಮನೆಯಲ್ಲಿ ಯಾರಿಗೂ ಇಲ್ಲ. ಎದುರಿನ ಖಾಲಿ ಸೈಟಿನಲ್ಲಿ ಮೇಯುತ್ತಿದ್ದ ಎಮ್ಮೆಗೆ ಆ ದಿನ ಒಂದು ಪಾತ್ರೆ ಹೀರೆಕಾಯಿ ಹುಳಿ ಸಿಕ್ಕಿತು. ಅದು ತರಕಾರಿಯನ್ನು ಅಂಚಿಗೆ ತಳ್ಳದೆ ತಿಂದಿತು. ಗಂಗಾಧರಯ್ಯನವರು ಮೊಸರನ್ನ, ಮಿಡಿ ಉಪ್ಪಿನಕಾಯಿ ಉಂಡು ಬಸ್ಸು ಹಿಡಿದರು.

ಸಂಜೆ ಲಕ್ಷ್ಮಿದೇವಮ್ಮ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ನಿಯಮಗಳನ್ನು ಹೇಳಿಕೊಟ್ಟರು. ಹದಿನಾರು ಪುಟ ಬೇಕಾಗಲಿಲ್ಲ, ಒಂದು ಕೈಯ ಬೆರಳು ಸಾಕಾದವು.

"ಅಡಿಗೆ ಮಾಡೋರು ರುಚಿ ನೋಡಕೂಡದು. ಮೊದ್ಲು ದೇವರು. ಆಮೇಲೆ ಗಂಡಸರು. ಆಮೇಲೆ ಹಿರೀರು. ಮಾಡಿದೋರು ಎಲ್ಲಾರ್ಗೂ ಬಡಿಸಿ ಕೊನೇಲಿ ಕೂತ್ಕೋಬೇಕು. ತಿಳೀತಾ?"

"ತಿಳೀತು," ಎಂದ ಕಿಟ್ಟಿ. ನಿಜವಾಗಿಯೂ ಅವನಿಗೆ ತಿಳಿದಿತ್ತು.

ಮಂಗಳವಾರ ಒಂಬತ್ತೂಕಾಲಿಗೆ ಎಂದಿನಂತೆ ಎರಡು ಎಲೆ ಹಾಕಿತ್ತು, ಅಪ್ಪನಿಗೊಂದು, ಮಗನಿಗೊಂದು. ಕಿಟ್ಟಿ ತನ್ನ ಎಲೆಯ ಮುಂದೆ ಕೂರದೆ ಹುರುಳಿಕಾಯಿ ಪಲ್ಯದ ಪಾತ್ರೆ ಹಿಡಿದು ನಿಂತ. ಆ ಪಲ್ಯದ ಕಾಯನ್ನೆಲ್ಲ ಅವನೇ ಮುರಿದಿದ್ದ. ಒಂದೊಂದು ತುಂಡು ಒಂದೊಂದು ಉದ್ದವಿತ್ತು.

"ಕೂತ್ಕೊಳೋ," ಎಂದರು ಗಂಗಾಧರಯ್ಯ.

"ನಾನು ಬಡಿಸ್ಬೇಕು. ಮಾಡಿದೋರು ಕೊನೇಲಿ."

"ಅದು ಅಮ್ಮಂಗೆ ಕಣೋ. ನೀನು ಗಂಡಸು."

"ಅಡಿಗೆ ಮಾಡಿದ್ದು ನಾನಲ್ವಾ?"

ಒಂದು ಪ್ರಶ್ನೆಗೆ ಎರಡು ನಿಯಮಗಳು ಬೇರೆಬೇರೆ ಉತ್ತರ ಕೊಟ್ಟರೆ ಗಂಗಾಧರಯ್ಯನವರು ಕಚೇರಿಯಲ್ಲಿ ಏನು ಮಾಡುತ್ತಿದ್ದರೋ ಇಲ್ಲೂ ಅದನ್ನೇ ಮಾಡಿದರು: ಕಡತವನ್ನು ಮೇಲಕ್ಕೆ ಕಳಿಸಿದರು. "ಅಮ್ಮ?"

ಲಕ್ಷ್ಮಿದೇವಮ್ಮ ಬಾಗಿಲ ಬಳಿ ನಿಂತಿದ್ದರು. ತಾವು ಹೇಳಿದ ನಿಯಮವನ್ನು ಹದಿನಾಲ್ಕು ಗಂಟೆಯೊಳಗೆ ಹಿಂತೆಗೆದುಕೊಂಡ ಹೆಂಗಸು ಅವರ ವಂಶದಲ್ಲಿ ಯಾರೂ ಇರಲಿಲ್ಲ. "ಹೇಳಿದ್ದು ಹೌದು," ಎಂದರು.

ಗಂಗಾಧರಯ್ಯನವರು ಕೈಪಿಡಿಯನ್ನು ತರಿಸಿ ಎಡಗೈಯಲ್ಲಿ ಪುಟ ತಿರುವಿದರು. ಅಡಿಗೆ ಮಾಡಿದವರು ಯಾವಾಗ ಊಟ ಮಾಡಬೇಕು ಎಂಬುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಬರೆದವರಿಗೆ ಅಂಥ ಪ್ರಶ್ನೆಯೊಂದು ಇದೆ ಎಂಬುದೇ ಹೊಳೆದಿರಲಿಲ್ಲ. "ಹಸಿವಾದ್ರೆ ತಾನೇ ತಿಂತಾನೆ ಬಿಡು," ಎಂದು ತೀರ್ಪು ಕೊಟ್ಟು ಅವರು ಎರಡು ಸಲ ಪಲ್ಯ ಹಾಕಿಸಿಕೊಂಡರು. ಮಗನ ಕೈಯಡಿಗೆಯ ಸಂಭ್ರಮಕ್ಕೆ ಮೂರನೆಯ ಸಲವೂ ಹಾಕಿಸಿಕೊಂಡರು. ಹನ್ನೆರಡು ಗಂಟೆಗೆ ಲಕ್ಷ್ಮಿದೇವಮ್ಮನವರ ಊಟವಾಯಿತು. ಅವರೂ ಮೊಮ್ಮಗನನ್ನು ಹೊಗಳಿ, ಇನ್ನೊಂದು ಸಲ ಬಡಿಸು ಎಂದರು.

ಕಿಟ್ಟಿ ಬೆಳಗಿನಿಂದ ಒಂದು ಲೋಟ ಹಾಲು, ಒಂದು ಬಾಳೆಹಣ್ಣಿನ ಮೇಲಿದ್ದ. ಸೀತಾಲಕ್ಷ್ಮಿ ಊಟಕ್ಕೆ ಮೂರು ಸಲ ಕರೆದಳು, ಮೂರು ಸಲವೂ "ನಿನ್ನ ಜೊತೆ" ಎಂದ. ಮಗುವಿನ ಮೈಗೆ ಎರಡು ಪೌಂಡು ಸೇರಿಸಲು ಹೊರಟ ಪುಸ್ತಕ ಇದ್ದುದನ್ನೂ ಕರಗಿಸುವ ಹಾಗೆ ಕಂಡಿತು.

ಒಂದು ಗಂಟೆಗೆ ಇಬ್ಬರೂ ಕೂತರು. ಕೂತರು ಎಂಬುದು ಕಿಟ್ಟಿಯ ಮಟ್ಟಿಗೆ ನಿಜ. ಸೀತಾಲಕ್ಷ್ಮಿಗೆ ಕೂತು ಉಣ್ಣುವ ಅಭ್ಯಾಸ ತಪ್ಪಿತ್ತು. ಗೋಡೆಗೆ ಒರಗಿ ನಿಂತು, ತಟ್ಟೆ ಕೈಯಲ್ಲಿ ಹಿಡಿದು, ಒಲೆಯ ಮೇಲಿನ ಹಾಲನ್ನು ನೋಡುತ್ತ ನಾಲ್ಕು ತುತ್ತು ನುಂಗಿದರೆ ಆಕೆಯ ಊಟವಾದಂತೆ. ಹನ್ನೊಂದು ವರ್ಷಗಳಲ್ಲಿ ಆಕೆ ಉಣ್ಣುವುದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಈಗ ಆರು ವರ್ಷದ ಒಬ್ಬ ಕೆಳಗಿನಿಂದ ನೋಡುತ್ತಿದ್ದ. ಆಕೆ ಕೂತಳು.

ಅನ್ನ ಇತ್ತು. ಸಾರಿನ ತಳದ ಗಸಿ ಇತ್ತು. ಕಿಟ್ಟಿ ಪಲ್ಯದ ಪಾತ್ರೆಯನ್ನು ಬಗ್ಗಿಸಿ ನೋಡಿದ. ಮೂರು ಸಾಸಿವೆ, ಒಂದು ಕರಿಬೇವಿನ ಎಲೆ ಇದ್ದವು.

"ಪಲ್ಯ ಎಲ್ಲಿ?"

"ಮುಗೀತು ಕಂದ."

"ಯಾರು ತಿಂದಿದ್ದು?"

"ಅಪ್ಪ, ಅಜ್ಜಿ."

"ಮತ್ತೆ ನಂಗೆ? ನಿಂಗೆ?"

"ನಂಗೆ ಏನಿದ್ರೂ ಆಗತ್ತೆ."

"ನಾನೇ ಅಲ್ವಾ ಮಾಡಿದ್ದು!" ಎಂದು ಕಿಟ್ಟಿ ಬಾಯಿ ತೆರೆದು ಅಳತೊಡಗಿದ. ಹುಟ್ಟಿದ ಮೇಲೆ ಅವನು ಹಾಲಿಗಾಗಿ, ಬುಗುರಿಗಾಗಿ, ಬೆಂಡು ಬತ್ತಾಸಿಗಾಗಿ ಅತ್ತಿದ್ದ. ಹುರುಳಿಕಾಯಿಗಾಗಿ ಅತ್ತದ್ದು ಅದೇ ಮೊದಲು. ಸಮಾಧಾನಪಡಿಸಬೇಕಾದ ತಾಯಿ ಕೂತು ಆ ಅಳುವನ್ನು ಕೇಳಿದಳು. ಅಷ್ಟು ಒಳ್ಳೆಯ ಸುದ್ದಿ ಆಕೆಯ ಕಿವಿಗೆ ಬಿದ್ದು ಬಹಳ ದಿನವಾಗಿತ್ತು.

ಬುಧವಾರದಿಂದ, ನೈವೇದ್ಯವಾದ ಕೂಡಲೇ, ಬಡಿಸುವುದಕ್ಕೆ ಮೊದಲು, ಒಂದು ಸಣ್ಣ ಪಾತ್ರೆಗೆ ಪಲ್ಯ, ಇನ್ನೊಂದಕ್ಕೆ ಹುಳಿಯ ಹೋಳುಗಳು ಹೋದವು. ಸೀತಾಲಕ್ಷ್ಮಿ ಮುಚ್ಚಳ ಮುಚ್ಚಿ ಅವನ್ನು ಗೂಡಿನಲ್ಲಿಟ್ಟಳು.

"ಇನ್ನೊಂಚೂರು ಪಲ್ಯ ಹಾಕು ಮರಿ," ಎಂದರು ಗಂಗಾಧರಯ್ಯ.

"ಇಲ್ಲ ಅಪ್ಪ."

"ಪಾತ್ರೇಲಿ ಕಾಣ್ತಿದೆಯಲ್ಲೋ?"

"ಅದು ಅಜ್ಜೀದು. ಅಜ್ಜೀದಾದ್ಮೇಲೆ ಅಡಿಗೆಯೋರ್ದು."

ಗಂಗಾಧರಯ್ಯನವರು ಆ ದಿನದ ಟಿಪ್ಪಣಿಯಲ್ಲಿ, ಮಗುವಿನಲ್ಲಿ ಜವಾಬ್ದಾರಿಯ ಭಾವನೆ ಬೆಳೆದಿದೆ ಎಂದು ಬರೆದರು. ಪಲ್ಯ ಕಡಿಮೆ ಬಿದ್ದದ್ದನ್ನು ಬರೆಯಲಿಲ್ಲ. ಟಿಪ್ಪಣಿಯಲ್ಲಿ ಅಂಥದ್ದಕ್ಕೆ ಕಾಲಂ ಇರಲಿಲ್ಲ.

ಒಂದು ಗಂಟೆಯ ಊಟ ಉದ್ದವಾಗುತ್ತ ಹೋಯಿತು. ಕಿಟ್ಟಿ ತರಕಾರಿಯನ್ನು ಇಷ್ಟಪಟ್ಟ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅವನು ಅಮ್ಮನ ತಟ್ಟೆಯನ್ನು ನೋಡುತ್ತಿದ್ದ, ಅಮ್ಮನ ಪಾಲಿಗಿಂತ ತನ್ನದು ಒಂದು ಹೋಳೂ ಕಡಿಮೆಯಿರಬಾರದೆಂದು ಎಣಿಸುತ್ತಿದ್ದ, ಎಣಿಸಿ ಪಡೆದದ್ದನ್ನು ಬಿಡಲಾರದೆ ತಿನ್ನುತ್ತಿದ್ದ.

"ಅಮ್ಮ, ಹಾಗಲಕಾಯಿ ನಿಂಗೆ ಕಹಿ ಆಗಲ್ವಾ?"

"ಆಗತ್ತೆ."

"ಮತ್ತೆ ತಿಂತೀಯ?"

"ಬೆಲ್ಲ ಹಾಕಿದೀನಲ್ಲ, ಆಮೇಲೆ ಸಿಹಿ ಬರತ್ತೆ. ಕಾಯ್ಬೇಕು."

ಅವನು ಒಂದು ತುಂಡನ್ನು ಬಾಯಲ್ಲಿಟ್ಟು, ಮುಖ ಹಿಂಡಿ, ಸಿಹಿಗಾಗಿ ಕಾದ. "ಬರ್ಲಿಲ್ಲ," ಎಂದು ಇನ್ನೊಂದು ತುಂಡು ಇಟ್ಟುಕೊಂಡು ಮತ್ತೆ ಕಾದ.

ಮೂರನೆಯ ವಾರ ತಾಯಿ, ಮಗ ಸಿಕ್ಕಿಬಿದ್ದರು. ಮಧ್ಯಾಹ್ನ ಮಲಗಬೇಕಾಗಿದ್ದ ಲಕ್ಷ್ಮಿದೇವಮ್ಮ ನೀರು ಕುಡಿಯಲು ಬಂದು, ಗೂಡಿನಲ್ಲಿದ್ದ ಪಾತ್ರೆಯ ಮುಚ್ಚಳ ಎತ್ತಿದರು. ತುಪ್ಪದಲ್ಲಿ ಹುರಿದ ತೊಂಡೆಕಾಯಿ, ಸಾಕಷ್ಟೇ ಇತ್ತು.

"ಏನಿದು?"

"ಪಲ್ಯ ಅತ್ತೆ. ಕಿಟ್ಟಿಗೆ."

"ಕಿಟ್ಟಿ ಒಬ್ಬಂಗೇ ಇಷ್ಟಾ?"

ಸೀತಾಲಕ್ಷ್ಮಿಗೆ ಸುಳ್ಳು ಬೇಗ ಹೊಳೆಯುತ್ತಿರಲಿಲ್ಲ. ಈ ಮಾತು ಗಂಡನ ಕಿವಿಗೆ ಬಿದ್ದರೆ ಕಿಟ್ಟಿಯನ್ನು ಮತ್ತೆ ಮೊದಲ ಪಂಕ್ತಿಗೆ ಕೂರಿಸುತ್ತಾರೆ. ಅವನು ಮತ್ತೆ ಹೋಳನ್ನು ಅಂಚಿಗೆ ತಳ್ಳುತ್ತಾನೆ. ಜೂನಿನಲ್ಲಿ ಮೈಸೂರಿನ ರೈಲು ಹತ್ತುತ್ತಾನೆ. "ನಂಗೂ," ಎಂದಳು.

ಲಕ್ಷ್ಮಿದೇವಮ್ಮ ಮುಚ್ಚಳವನ್ನು ಮೊದಲಿದ್ದ ಹಾಗೆಯೇ ಮುಚ್ಚಿದರು. ಸೊಸೆಯನ್ನು ನೋಡಲಿಲ್ಲ.

"ಇಲ್ಲಿಟ್ರೆ ಬಂದೋರಿಗೆಲ್ಲ ಕಾಣ್ಸತ್ತೆ. ನಾನು ಬೆಲ್ಲದ ಡಬ್ಬದ ಹಿಂದೆ ಇಡ್ತಿದ್ದೆ," ಎಂದು ನೀರು ಕುಡಿದು ಮಲಗಲು ಹೋದರು.

ಮೇ ಇಪ್ಪತ್ತೇಳರಂದು ಅಕ್ಕಯಮ್ಮ ಮೈಸೂರಿನಿಂದ ಬಂದರು. ಕಿಟ್ಟಿಗೆ ಎರಡು ಹೊಸ ಅಂಗಿ ತಂದಿದ್ದರು, ಜೊತೆಗೆ ಶಾಲೆಯ ಅರ್ಜಿಯನ್ನೂ ತಂದಿದ್ದರು. ಹುಡುಗನ ಹೆಸರು, ಹುಟ್ಟಿದ ತಾರೀಖು, ಮನೆಯ ವಿಳಾಸ, ಎಲ್ಲವನ್ನೂ ಗುಂಡಾದ ಅಕ್ಷರದಲ್ಲಿ ತುಂಬಿಸಿದ್ದರು. ವಿಳಾಸ ಮೈಸೂರಿನದು. ತಂದೆಯ ರುಜು ಒಂದು ಬಾಕಿ. ಅಂಗಿಯ ಅಳತೆ ಸರಿಯಾಗಿದೆಯೇ ಎಂದು ಆಕೆ ಕಿಟ್ಟಿಯ ಹೆಗಲನ್ನು ಅಕ್ಕರೆಯಿಂದ ಹಿಡಿದ ರೀತಿ ನೋಡಿ ಸೀತಾಲಕ್ಷ್ಮಿಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮರುದಿನ ಭಾನುವಾರ ಬೆಳಿಗ್ಗೆ ಎಲ್ಲರೂ ಗಾಂಧಿಬಜಾರಿಗೆ ಹೋದರು. ದೇಶಕ್ಕೆಲ್ಲ ಕಿಲೋ ಬಂದರೂ ಡಾಕ್ಟರ ತಕ್ಕಡಿಗೆ ಇನ್ನೂ ಬಂದಿರಲಿಲ್ಲ. ಅದು ಪೌಂಡಿನಲ್ಲೇ ತೂಗುತ್ತಿತ್ತು. ಕಿಟ್ಟಿ ಹತ್ತಿ ನಿಂತ. ಡಾಕ್ಟರು ಗುಂಡನ್ನು ಮೂವತ್ತನಾಲ್ಕಕ್ಕೆ ಸರಿಸಿದರು, ಕಡ್ಡಿ ಇಳಿಯಲಿಲ್ಲ. ಮೂವತ್ತೈದಕ್ಕೂ ಇಳಿಯಲಿಲ್ಲ. ಸೀತಾಲಕ್ಷ್ಮಿ ಕಿಟಕಿಯ ಕಡೆಗೆ ತಿರುಗಿಕೊಂಡಳು.

"ಮೂವತ್ತಾರೂವರೆ," ಎಂದರು ಡಾಕ್ಟರು. "ಟಾನಿಕ್ಕು ಚೆನ್ನಾಗಿ ಕೆಲಸ ಮಾಡಿದೆ."

ಟಾನಿಕ್ಕಿನ ಎರಡನೆಯ ಬಾಟಲಿಯ ಬಿರಡೆ ಇನ್ನೂ ತೆಗೆದಿರಲಿಲ್ಲ. "ಟಾನಿಕ್ಕಲ್ಲ ಡಾಕ್ಟ್ರೇ, ಇದು ಶಿಕ್ಷಣ," ಎಂದು ಗಂಗಾಧರಯ್ಯನವರು ತಾವು ಬರೆದ ಏಳು ವಾರಗಳ ಟಿಪ್ಪಣಿಯ ಬಗ್ಗೆ ಹೇಳತೊಡಗಿದರು. ಕಿಲುಬು ಹತ್ತಿದ ಒಂದು ತಕ್ಕಡಿಯ ಮುಂದೆ ಇಬ್ಬರು ಗಂಡಸರು ಯಶಸ್ಸನ್ನು ಹಂಚಿಕೊಳ್ಳುತ್ತಿದ್ದಾಗ ಅಕ್ಕಯಮ್ಮ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಕೈಚೀಲದ ತಳಕ್ಕೆ ಹಾಕಿದರು. ಹೊರಗೆ ಬಂದ ಮೇಲೆ ಸೀತಾಲಕ್ಷ್ಮಿಯನ್ನು ಮಾತ್ರ ಕೇಳಿದರು:

"ನಿಜ ಹೇಳು, ಏನ್ ಮಾಡ್ದೆ?"

"ಏನಿಲ್ಲ ಅಕ್ಕ. ನನ್ನ ಜೊತೆ ಊಟಕ್ಕೆ ಕೂತ್ಕೋತಾನೆ, ಅಷ್ಟೆ."

ಅಕ್ಕಯಮ್ಮ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಕೆನ್ನೇನೂ ಸ್ವಲ್ಪ ತುಂಬಿದೆ," ಎಂದರು. ದನಿಯಲ್ಲಿ ಸಂತೋಷ ಅಷ್ಟಾಗಿ ಇರಲಿಲ್ಲ. ಆದರೆ ಮೋಸವೂ ಇರಲಿಲ್ಲ.

ಆ ಮಧ್ಯಾಹ್ನ ಮೊದಲ ಪಂಕ್ತಿಗೆ ಎರಡು ಎಲೆ ಬಿದ್ದವು, ಒಂದು ಗಂಗಾಧರಯ್ಯನವರಿಗೆ, ಒಂದು ಅತಿಥಿಯಾದ ಅಕ್ಕಯಮ್ಮನವರಿಗೆ. ಅಕ್ಕಯಮ್ಮ ಬಂದು ಕೂತು, ಸೌಟು ಹಿಡಿದು ನಿಂತಿದ್ದ ಕಿಟ್ಟಿಯನ್ನು ನೋಡಿ, ಮತ್ತೆ ಎದ್ದರು.

"ನನ್ನ ಎಲೆ ಆಮೇಲಕ್ಕೆ ಹಾಕು ಸೀತಾ."

"ಇದೇನಕ್ಕ, ಹಸಿವಿಲ್ವಾ?" ಎಂದರು ಗಂಗಾಧರಯ್ಯ.

"ಇದೆ. ಊರಲ್ಲಿ ದಿನಾ ಒಬ್ಳೇ ಕೂತು ತಿಂತೀನಿ. ಇಲ್ಲೂ ನಿನ್ನ ಮುಖ ನೋಡ್ಕೊಂಡು ತಿನ್ಬೇಕಾ?"

ಗಂಗಾಧರಯ್ಯನವರು ಒಬ್ಬರೇ ಉಂಡರು. ಬದನೆಕಾಯಿ ಎಣ್ಣೆಗಾಯಿ ಎರಡೇ ಎರಡು ಬಿದ್ದವು. ಲಕ್ಷ್ಮಿದೇವಮ್ಮನವರ ಊಟವೂ ಮುಗಿದ ಮೇಲೆ, ಒಂದು ಗಂಟೆಗೆ, ಅಡಿಗೆಮನೆಯ ನೆಲದ ಮೇಲೆ ಮೂವರು ಕೂತರು. ಕಿಟ್ಟಿ ಪಾತ್ರೆಯಲ್ಲಿದ್ದ ಎಣ್ಣೆಗಾಯಿಗಳನ್ನು ಎಣಿಸಿದ. ಏಳು. ತಲೆಗೆ ಎರಡೆರಡು ಹಾಕಿ, ಉಳಿದ ಒಂದನ್ನು ಬಹಳ ಹೊತ್ತು ಯೋಚಿಸಿ ಅತ್ತೆಗೆ ಹಾಕಿದ.

"ದಸರಾ ರಜಕ್ಕೆ ನಮ್ಮೂರಿಗೆ ಬರ್ತೀಯೇನೋ?" ಎಂದರು ಅಕ್ಕಯಮ್ಮ.

"ನಿಮ್ಮನೇಲಿ ಅಡಿಗೆ ಯಾರು ಮಾಡ್ತಾರೆ?"

"ನಾನೇ."

"ಹಾಗಾದ್ರೆ ಬರ್ತೀನಿ. ರಜ ಮುಗಿದ್ಮೇಲೆ ವಾಪಸ್."

"ಆಯ್ತಪ್ಪ, ವಾಪಸ್ಸೇ," ಎಂದು ಅಕ್ಕಯಮ್ಮ ಎಣ್ಣೆಗಾಯಿ ಮುರಿದರು.

ನಡುಮನೆಯಿಂದ ಗಂಗಾಧರಯ್ಯನವರ ದನಿ ಕೇಳಿತು. ಮಧ್ಯಾಹ್ನದ ನಿದ್ದೆಗೆ ಮೊದಲು ಅವರಿಗೆ ಒಂದು ಲೋಟ ಮಜ್ಜಿಗೆ ಬೇಕಾಗಿತ್ತು. "ಸೀತಾ! ಮಜ್ಜಿಗೆ!"

ಸೀತಾಲಕ್ಷ್ಮಿ ಆಗ ತಾನೇ ಅನ್ನಕ್ಕೆ ಹುಳಿ ಕಲಸಿಕೊಂಡಿದ್ದಳು. ಎಡಗೈಯನ್ನು ನೆಲಕ್ಕೆ ಊರಿ ಅರ್ಧ ಎದ್ದವಳು ಮತ್ತೆ ಕೂತಳು.

"ಊಟ ಮಾಡ್ತಿದೀವಿ," ಎಂದು ಕೂಗಿ ಹೇಳಿ, ಕಲಸಿದ ಅನ್ನವನ್ನು ಬಾಯಿಗಿಟ್ಟಳು.